ಎಡತೋಳಿನ ಪಟ್ಟಿ

ಅಕ್ಕನನ್ನು ನಾನು ಮೊದಲು ನೋಡಿದ್ದು ಒಂದು ಪ್ಯಾಂಟಿನ ದೆಸೆಯಿಂದ. ಮಾರನೆಯ ದಿನ ನಾನು ಶಿಕ್ಷಣ ಕಚೇರಿಯಲ್ಲಿ ಗುಮಾಸ್ತನಾಗಿ ಕೆಲಸಕ್ಕೆ ಹಾಜರಾಗಬೇಕಿತ್ತು. ಹಳ್ಳಿಯಿಂದ ಬಂದಿಳಿದು ಎರಡೇ ದಿನವಾಗಿತ್ತು. ಹೊಸದಾಗಿ ಕೊಂಡಿದ್ದ ಪ್ಯಾಂಟನ್ನು ಹಾಕಿ ನೋಡಿದರೆ ನಾಲ್ಕು ಬೆರಳು ಉದ್ದ. ನಡೆದರೆ ಹಿಮ್ಮಡಿಯ ಕೆಳಗೆ ಸಿಕ್ಕಿಕೊಳ್ಳುತ್ತಿತ್ತು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಕಚೇರಿಯ ಮೆಟ್ಟಿಲು ಹತ್ತಿದವರಲ್ಲ. ಅಂಗಡಿಯಲ್ಲಿ ಕೊಂಡ ಪ್ಯಾಂಟನ್ನು ಮತ್ತೊಬ್ಬರ ಹತ್ತಿರ ಕತ್ತರಿಸಿ ಹೊಲಿಸಬೇಕು ಎಂಬುದು ನನಗೆ ಗೊತ್ತಿರಲಿಲ್ಲ.

ನಾನು ಬಾಡಿಗೆಗೆ ಹಿಡಿದ ಕೋಣೆಯ ಮೆಟ್ಟಿಲ ಕೆಳಗೇ ಅವಳ ಅಂಗಡಿ. ಎಂಟು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಬಾಗಿಲ ಪಕ್ಕ ಒಂದು ಮೋಟು ಸ್ಟೂಲಿನ ಮೇಲೆ ಅವಳ ಅಪ್ಪ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಅಂಗಿಯ ಗುಂಡಿಗಳಿಗೆ ಕಾಜ ಹಾಕುತ್ತಿದ್ದರು. ಒಳಗೆ ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ತುಂಬ ಮೊಳೆ. ಮೊಳೆಗಳಿಗೆ ಹಳೆಯ ಪತ್ರಿಕೆಯಲ್ಲಿ ಕತ್ತರಿಸಿದ ಅಳತೆ ಕಾಗದಗಳು ನೇತಾಡುತ್ತಿದ್ದವು. ತೋಳಿನ ಆಕಾರದ್ದು ಒಂದು ಕಡೆ, ಕಾಲರಿನದ್ದು ಇನ್ನೊಂದು ಕಡೆ.

ಕತ್ತಿನಲ್ಲಿ ಟೇಪು ಹಾಕಿಕೊಂಡಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪ್ಯಾಂಟು ನಿಮ್ಮದೋ, ಅಣ್ಣಂದೋ?" ಎಂದಳು.

"ನಂದೇ. ನಾಳೆ ಶಿಕ್ಷಣ ಕಚೇರಿಯಲ್ಲಿ ಕೆಲಸಕ್ಕೆ ಸೇರಬೇಕು."

"ಕೆಲಸ ಸಿಕ್ಕಿದೆ ಅಂತ ಕಾಲೂ ಬೆಳೀತವೆ ಅಂದ್ಕೊಂಡ್ರಾ?" ಎಂದರು ಮುದುಕರು, ತಲೆ ಎತ್ತದೆ.

"ಸುಮ್ನಿರಪ್ಪ," ಎಂದು ಅವಳು ಮಂಡಿಯೂರಿ ಪ್ಯಾಂಟಿನ ಅಂಚು ಮಡಿಸತೊಡಗಿದಳು. ಆಗ ಮೇಜಿನ ಕೆಳಗಿನಿಂದ ಒಂದು ದನಿ ಬಂತು. ಬಗ್ಗಿ ನೋಡಿದರೆ ನಾಲ್ಕು ವರ್ಷದ ಒಂದು ಹೆಣ್ಣುಮಗು, ಮೊಳೆಯಿಂದ ಬಿದ್ದ ಅಳತೆ ಕಾಗದವೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಗಟ್ಟಿಯಾಗಿ ಓದುತ್ತಿತ್ತು. "ಸೇತುವೆಯ ಕಾಮಗಾರಿ ಮುಗಿಯದ ಕಾರಣ ಜನರು ದೋಣಿ..." ಕಾಗದ ಅಲ್ಲಿಗೆ ತುಂಡಾಗಿತ್ತು. ಮಗು ತುಂಡಾದ ಅಂಚಿನ ಮೇಲೆ ಬೆರಳು ಓಡಿಸಿ, "ದೋಣಿ ಹತ್ತಿ ಹೋಗ್ತಾರೆ, ಆದ್ರೆ ದೋಣಿಯೋನು ಸೇತುವೆ ಬೇಡ ಅಂತಾನೆ," ಎಂದು ತಾನೇ ಪೂರ್ತಿ ಮಾಡಿತು.

ನಾನು ಬೆಕ್ಕಸ ಬೆರಗಾದೆ. "ಇದಕ್ಕೆ ಓದೋಕೆ ಯಾರು ಕಲಿಸಿದ್ರು?"

"ನನ್ನ ಮಗಳಿಗೆ ಯಾರೂ ಕಲಿಸಿಲ್ಲ," ಎಂದಳು ಅವಳು. "ಮೇಜಿನ ಕೆಳಗೆ ಕೂತೂ ಕೂತೂ ಬಂತು. ದಿನವಿಡೀ ಪಿಟೀಲು ಕುಯ್ತಾ ಇರ್ತಾಳೆ, ಅದಕ್ಕೇ ಪಿಟೀಲು ಅಂತಾನೇ ಕರೆಯೋದು."

ಆಗ ನಾನು ಒಂದು ಮಾತು ಆಡಿದೆ. ಅದು ಒಳ್ಳೆಯ ಮಾತು ಎಂದೇ ನಂಬಿ ಆಡಿದೆ. "ಈ ಮಗೂನ ಸುಮ್ಮನೆ ಯಾವುದೋ ಸ್ಕೂಲಿಗೆ ಹಾಕ್ಬೇಡಿ. ಇಂಥ ಮಕ್ಕಳಿಗೆ ಸರಿಯಾದ ಜಾಗ ಬೇಕು." ಅಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು ನನ್ನ ಮುಖವನ್ನೇ ನೋಡಿದಳು. ಅವಳು ನಾಲ್ಕನೇ ತರಗತಿಗೆ ಓದು ಬಿಟ್ಟವಳು. ಶಿಕ್ಷಣ ಕಚೇರಿಯವರೊಬ್ಬರು ಹಾಗೆ ಹೇಳಿದ್ದು ಅವಳ ಮನಸ್ಸಿನಲ್ಲಿ ನಾಟಿಬಿಟ್ಟಿತು. ನಾನು ಆಗ ಕಚೇರಿಯ ಬಾಗಿಲನ್ನೂ ನೋಡಿರಲಿಲ್ಲ.

ಒಂದು ತಿಂಗಳಲ್ಲಿ 'ನೀವು' ಹೋಗಿ 'ನೀನು' ಆಯಿತು. ನಾನು ತಮ್ಮನಾದೆ, ಅವಳ ಅಪ್ಪ ನನಗೂ ತಾತನಾದರು. ಪಟ್ಟಣದ ಬಸ್ಸು ಓಡಿಸುತ್ತಿದ್ದ ಅವಳ ಗಂಡ ಭಾವನಾದ. ಭಾವ ಮಧ್ಯಾಹ್ನ ಪಾಳಿ ಬದಲಾಗುವಾಗ ಅಂಗಡಿಗೆ ಬಂದು, ಟೋಪಿಯನ್ನು ಯಂತ್ರದ ಮೇಲಿಟ್ಟು, ಅರ್ಧ ಗಂಟೆ ಕೂತು ಹೋಗುವ ಮನುಷ್ಯ. ಮಾತು ಕಡಿಮೆ.

ಆ ಪಟ್ಟಣದಲ್ಲಿ ಏಳು ಶಾಲೆಗಳಿದ್ದವು. ಏಳರ ಯೂನಿಫಾರಂ ರಿಪೇರಿಯೂ ಅಕ್ಕನ ಅಂಗಡಿಗೆ ಬರುತ್ತಿತ್ತು. ಹಾಗಾಗಿ ಶಾಲೆಗಳ ವಿಷಯದಲ್ಲಿ ಅವಳಿಗೆ ಅವಳದೇ ಒಂದು ಲೆಕ್ಕಾಚಾರ. ನಾನು ಕಚೇರಿಯಿಂದ ಫಲಿತಾಂಶದ ಪಟ್ಟಿ ತಂದು ತೋರಿಸಿದರೆ ಅವಳು ಬಟ್ಟೆಯ ಗುಡ್ಡೆಯತ್ತ ಕೈ ತೋರಿಸುವಳು. "ನಿನ್ನ ಪಟ್ಟಿಯಲ್ಲಿ ಏನು ಬೇಕಾದ್ರೂ ಬರೀಬಹುದು ತಮ್ಮಾ. ಬಟ್ಟೆ ಸುಳ್ಳು ಹೇಳಲ್ಲ. ನೋಡು, ಇದು ನಮ್ಮ ಮೂಲೆ ಸ್ಕೂಲಿಂದು. ಮೊಣಕಾಲು ಹರಿದಿದೆ, ಮೂರು ಗುಂಡಿ ಇಲ್ಲ, ಜೇಬಲ್ಲಿ ಕಲ್ಲು. ಇದು ಕೆರೆ ಪಕ್ಕದ ಸ್ಕೂಲಿಂದು. ಕಾಲರ್ ಕಿತ್ತಿದೆ. ಅಂದ್ರೆ ಹೊಡೆದಾಟ. ಇದು ನೋಡು, ಗುಡ್ಡದ ಸ್ಕೂಲಿನ ಬೂದು ಅಂಗಿ. ಒಂದು ಹೊಲಿಗೆ ಬಿಟ್ಟಿಲ್ಲ, ಒಂದು ಗುಂಡಿ ಹೋಗಿಲ್ಲ. ಸವೆದಿರೋದು ಮಣಿಕಟ್ಟಿನ ಹತ್ರ ಇರೋ ತೋಳಿನ ಪಟ್ಟಿ ಮಾತ್ರ. ಬರೆದೂ ಬರೆದೂ ಸವೆದದ್ದು!"

"ಕೂತೂ ಕೂತೂ ಚಡ್ಡಿ ಕುಂಡೆಯೂ ಸವೆದಿದೆ, ಅದನ್ನೂ ಹೇಳು," ಎಂದರು ತಾತ ಬಾಗಿಲಿನಿಂದ.

"ಓದೋ ಮಕ್ಕಳು ಕೂತೇ ಓದ್ಬೇಕು. ನಿನ್ನ ಹಾಗೆ ನಿಂತು ಹರಟೆ ಹೊಡೆಯೋಕಾಗುತ್ತಾ?"

"ನಾನೂ ಕೂತೇ ಇದೀನಲ್ಲೇ ನಲವತ್ತು ವರ್ಷದಿಂದ. ನಂಗ್ಯಾಕೆ ವಿದ್ಯೆ ಹತ್ತಲಿಲ್ಲ?"

ಮೊದಲು ಪಿಟೀಲನ್ನು ಸೇರಿಸಿದ್ದು ಮೂಲೆ ಶಾಲೆಗೇ, ಮನೆಗೆ ಹತ್ತಿರವೆಂದು. ಆರನೇ ವಯಸ್ಸಿಗೆ ಒಂದನೇ ತರಗತಿ. ಅಲ್ಲಿನ ಟೀಚರ್ ಒಳ್ಳೆಯವರು. ಎರಡು ತಿಂಗಳು ನೋಡಿ ಮಗುವನ್ನು ಮೂರನೇ ತರಗತಿಯ ಬೆಂಚಿನಲ್ಲಿ ಕೂರಿಸಿದರು. ವರ್ಷದ ಕೊನೆಗೆ ಅವರೇ ಅಂಗಡಿಗೆ ಬಂದು, "ಅಮ್ಮ, ನನ್ನ ಹತ್ತಿರ ಇವಳಿಗೆ ಕೊಡೋಕೆ ಇನ್ನೇನೂ ಉಳಿದಿಲ್ಲ. ನಲವತ್ತು ಮಕ್ಕಳ ನಡುವೆ ಇವಳ ಪ್ರಶ್ನೆಗೆ ಉತ್ತರ ಹೇಳ್ತಾ ಕೂತರೆ ಗಂಟೆ ಹೊಡೆದುಬಿಡುತ್ತೆ," ಎಂದರು.

ಗುಡ್ಡದ ಶಾಲೆಯಲ್ಲಿ ಚುರುಕು ಮಕ್ಕಳಿಗೆಂದು ಒಂದು ವಿಶೇಷ ತಂಡವಿತ್ತು. ಹನ್ನೆರಡೇ ಸೀಟು. ಪರೀಕ್ಷೆಯ ದಿನ ನಾನೂ ಜೊತೆಗೆ ಹೋಗಿದ್ದೆ. ಉದ್ದನೆಯ ಕಾರಿಡಾರಿನಲ್ಲಿ ತಂದೆತಾಯಂದಿರು ಗೋಡೆಗೆ ಒರಗಿ ನಿಂತಿದ್ದರು. ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಅಕ್ಕ ಮಾತ್ರ ಅವರ ಬಟ್ಟೆಗಳನ್ನೇ ನೋಡುತ್ತ ನನ್ನ ಕಿವಿಯಲ್ಲಿ, "ಆ ನೀಲಿ ಕೋಟಿನೋರಿಗೆ ಎಡಭುಜ ಇಳಿದಿದೆ. ಪಾಪ, ಹೊಲಿದೋನು ಕುಡಿದಿದ್ದ," ಎಂದಳು. ಹೆದರಿದಾಗ ಅವಳಿಗೆ ತಮಾಷೆ ಬರುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತು. ಪಿಟೀಲು ಒಂದು ಗಂಟೆ ಒಳಗಿದ್ದು ಹೊರಬಂದು, "ಅಮ್ಮ, ಅವರು ಕೇಳಿದ ಕೊನೇ ಲೆಕ್ಕವೇ ತಪ್ಪು. ನಾನು ಹೇಳಿದೆ, ಅವರು ಬರ್ಕೊಂಡ್ರು," ಎಂದಳು.

ಸೀಟು ಸಿಕ್ಕಿತು. ಏಳು ವರ್ಷದ ಹುಡುಗಿಗೆ ನೇರವಾಗಿ ಐದನೇ ತರಗತಿ. ಎಂಟು ಪುಟದ ಅರ್ಜಿಯನ್ನು ಅಕ್ಕನ ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು ತುಂಬಿದವನು ನಾನೇ. ಕೊನೆಯ ಪುಟದಲ್ಲಿ ಹನ್ನೊಂದನೇ ಷರತ್ತು ಒಂದಿತ್ತು: ಈ ತಂಡದಲ್ಲಿ ಕೊಟ್ಟ ತರಗತಿ ಏರಿಕೆ ಈ ಶಾಲೆಯೊಳಗೆ ಮಾತ್ರ ಸಲ್ಲುತ್ತದೆ; ಹತ್ತನೇ ತರಗತಿ ಮುಗಿಯುವ ಮುಂಚೆ ಬಿಟ್ಟರೆ ವಯಸ್ಸಿಗೆ ತಕ್ಕ ತರಗತಿಯ ವರ್ಗಾವಣೆ ಪತ್ರವನ್ನಷ್ಟೇ ಕೊಡಲಾಗುವುದು.

"ಇದೇನು ತಮ್ಮಾ?" ಎಂದು ಅಕ್ಕ ಬೆರಳಿಟ್ಟು ಕೇಳಿದಳು.

"ಮಾಮೂಲಿ ಷರತ್ತು ಅಕ್ಕ. ಎಲ್ಲಾ ಅರ್ಜಿಯಲ್ಲೂ ಇಂಥದ್ದು ಒಂದಿರುತ್ತೆ. ಬಿಡೋರು ಯಾರು?"

ಐದು ತರಗತಿ ಒಂದೇ ಕೋಣೆಯಲ್ಲಿ ನಡೆಯುವ ಶಾಲೆಯಲ್ಲಿ ಓದಿದವನು ನಾನು. ಹನ್ನೆರಡು ಮಕ್ಕಳಿಗೆ ಒಂದು ಕೋಣೆ, ಕೋಣೆಗೊಂದು ಗ್ಲೋಬು, ಗೋಡೆಯ ತುಂಬ ಪುಸ್ತಕ. ಅಂಥ ಜಾಗ ಬಿಟ್ಟುಬರುವವರು ಇರುತ್ತಾರೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅಕ್ಕ ಸಹಿ ಮಾಡಿದಳು. ಅವಳ ಸಹಿ ಹೊಲಿಗೆಯ ಹಾಗೆ ನೇರ.

ಮೊದಲ ಎರಡು ವರ್ಷ ಎಲ್ಲ ಚೆನ್ನಾಗಿಯೇ ಇತ್ತು, ಅಥವಾ ನಮಗೆ ಹಾಗೆ ಕಂಡಿತು. ಅಕ್ಕ ಒಂದು ನೋಟ್‌ಬುಕ್ ಇಟ್ಟಳು. ಶನಿವಾರ ಗಣಿತದ ಕೂಟ, ಬುಧವಾರ ಪದಗಳ ಸ್ಪರ್ಧೆಯ ತಯಾರಿ, ರಜೆಯಲ್ಲಿ ನೆನಪಿನ ಶಕ್ತಿಯ ಶಿಬಿರ, ಇನ್ನೊಂದು ರಜೆಯಲ್ಲಿ ನಕ್ಷತ್ರ ನೋಡುವವರ ಶಿಬಿರ. ಎಲ್ಲಿ ಏನು ಶುರುವಾದರೂ ಯಾರಾದರೂ ಅಂಗಡಿಗೆ ಬಂದು ಅವಳಿಗೆ ಕಾಗದ ಕೊಟ್ಟು ಹೋಗುವರು. ಅವಳು ಒಂದೊಂದನ್ನೂ ನನ್ನ ಕೈಲಿ ಓದಿಸುವಳು. ಯಾವುದನ್ನೂ ಬೇಡ ಎನ್ನಲು ಅವಳಿಗೆ ಧೈರ್ಯ ಬರುತ್ತಿರಲಿಲ್ಲ. "ಇದೇ ಇವಳಿಗೆ ಸರಿಯಾದ್ದು ಆಗಿದ್ರೆ? ನಾನು ಬೇಡ ಅಂದು, ನಾಳೆ ಇವಳು ನನ್ನ ಕೇಳಿದ್ರೆ?" ಎನ್ನುವಳು. ಮಕ್ಕಳ ಬಟ್ಟೆಯನ್ನು ಅವಳು ಯಾವತ್ತೂ ಒಂದು ಅಳತೆ ದೊಡ್ಡದಾಗಿಯೇ ಕತ್ತರಿಸಿ, ಒಳಗೆ ಮಡಿಕೆ ಬಿಟ್ಟು ಹೊಲಿಯುತ್ತಿದ್ದಳು. ಬೆಳೆದಂತೆ ಬಿಚ್ಚಿದರಾಯಿತು ಎಂದು. ಪಿಟೀಲಿನ ಬೂದು ಸ್ಕರ್ಟಿನಲ್ಲಿ ಮೂರು ಮಡಿಕೆಗಳಿದ್ದವು. ತರಗತಿಯ ಫೋಟೋದಲ್ಲಿ ಅವಳು ಮುಂದಿನ ಸಾಲಿನ ತುದಿಗೆ, ದೊಡ್ಡ ಹುಡುಗಿಯರ ಭುಜದ ಕೆಳಗೆ, ಯಾರೋ ಮರೆತುಹೋದ ಚೀಲದ ಹಾಗೆ ನಿಂತಿದ್ದಳು.

"ಬಸ್ಸಿಗಾದ್ರೆ ಕೊನೇ ಸ್ಟಾಪ್ ಅಂತ ಒಂದಿದೆ," ಎಂದ ಭಾವ ಒಂದು ದಿನ, ನೋಟ್‌ಬುಕ್ ತಿರುವಿ ಹಾಕುತ್ತ. "ಇದಕ್ಕೆ ಎಲ್ಲಿ?"

"ನೀವು ಬಸ್ಸು ಓಡಿಸಿ. ಇದು ನನಗೆ ಬಿಡಿ," ಎಂದಳು ಅಕ್ಕ. ಅವನು ಟೋಪಿ ಹಾಕಿಕೊಂಡು ಹೋದ.

ಮೂರನೇ ವರ್ಷ ಗುಡ್ಡದ ಶಾಲೆಯ ಮೇಡಂ ಅಕ್ಕನನ್ನು ಕರೆಸಿ, ಶಾಲೆಯ ಅಷ್ಟೂ ಯೂನಿಫಾರಂ ಹೊಲಿಯುವ ಕೆಲಸವನ್ನು ಅವಳಿಗೇ ಕೊಟ್ಟರು. ಅಂಗಡಿಗೆ ಇನ್ನೆರಡು ಯಂತ್ರ ಬಂದವು, ಕೆಲಸಕ್ಕೆ ಇಬ್ಬರು ಹೆಂಗಸರು ಬಂದರು. ಅಂಗಡಿಯ ತುಂಬ ಬೂದು ಬಟ್ಟೆ. ಉಳಿದ ಆರು ಶಾಲೆಗಳ ರಿಪೇರಿಗೆ ಜಾಗವೇ ಇಲ್ಲದಂತಾಯಿತು. ಹರಿದ ಮೊಣಕಾಲು, ಕಿತ್ತ ಕಾಲರು ಬೇರೆ ಅಂಗಡಿಗೆ ಹೋದವು. ತಾತ ಕಾಜ ಹಾಕುತ್ತ, "ಮೊದಲು ಬಣ್ಣ ಬಣ್ಣದ ನೂಲು ಪೋಣಿಸ್ತಿದ್ದೆ. ಈಗ ಕಣ್ಣು ಮುಚ್ಚಿಕೊಂಡೂ ಪೋಣಿಸ್ತೀನಿ, ಎಲ್ಲಾ ಬೂದಿ," ಎನ್ನುತ್ತಿದ್ದರು.

ಪಿಟೀಲು ಮಾತು ಕಡಿಮೆ ಮಾಡಿದ್ದು ಯಾವಾಗ ಎಂದು ನಮ್ಮಲ್ಲಿ ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಜೋರು ಮಳೆ ನಿಂತದ್ದು ತಕ್ಷಣ ಗೊತ್ತಾಗುತ್ತದೆ. ಇದು ಹಾಗಲ್ಲ, ಕೋಣೆಯಲ್ಲಿ ಗಡಿಯಾರ ನಿಂತ ಹಾಗೆ. ಒಂದು ದಿನ ಅವಳು ಶಾಲೆಯಿಂದ ಬಂದು, ಮೇಜಿನ ಕೆಳಗೆ ತೂರಲಾಗದಷ್ಟು ಬೆಳೆದಿದ್ದರಿಂದ ಯಂತ್ರದ ಹಿಂದಿನ ಮೂಲೆಯಲ್ಲಿ ಕೂತಳು. ನಾನು, "ಏನೇ ಪಿಟೀಲು, ಇವತ್ತು ಯಾರ ಲೆಕ್ಕದಲ್ಲಿ ತಪ್ಪು ಹಿಡಿದೆ?" ಎಂದೆ. ಅವಳು, "ಯಾರದೂ ಇಲ್ಲ ಮಾಮ," ಎಂದು ಪುಸ್ತಕ ತೆರೆದಳು. ಅರ್ಧ ಗಂಟೆ ಪುಟ ತಿರುವಲಿಲ್ಲ. ಆಗ ಅವಳಿಗೆ ಹನ್ನೊಂದು, ಒಂಬತ್ತನೇ ತರಗತಿ.

ತೋಳಿನ ಪಟ್ಟಿಯ ಸಂಗತಿ ಹೊರಬಿದ್ದದ್ದು ಆ ವಾರವೇ. ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಅಂಗಿಯ ಒಂದು ತೋಳಿನ ಪಟ್ಟಿ ಸವೆದು ಬಂದರೂ ಎರಡನ್ನೂ ಬಿಚ್ಚಿ ಬೇರೆ ಹಾಕುವುದು. ಒಂದನ್ನೇ ಬದಲಾಯಿಸಿದರೆ ಹೊಸ ಬೂದು, ಹಳೆ ಬೂದು ಬೇರೆ ಬೇರೆ ಕಾಣುತ್ತವೆ. ಬಿಚ್ಚುವ ಕೆಲಸ ಆ ಇಬ್ಬರು ಹೆಂಗಸರದು. ಹಳೆಯ ಪಟ್ಟಿಗಳು ನೇರವಾಗಿ ಚಿಂದಿ ಚೀಲಕ್ಕೆ ಹೋಗುತ್ತಿದ್ದವು. ಆವತ್ತು ಇಬ್ಬರೂ ಬಂದಿರಲಿಲ್ಲ. ಭಾನುವಾರ ಮಧ್ಯಾಹ್ನ. ನಾನು ಬಾಗಿಲಲ್ಲಿ ತಾತನ ಪಕ್ಕ ಪತ್ರಿಕೆ ಓದುತ್ತ ಕೂತಿದ್ದೆ. ಅಕ್ಕ ಪಿಟೀಲಿನ ಅಂಗಿಯ ಪಟ್ಟಿಯನ್ನು ತಾನೇ ಬಿಚ್ಚತೊಡಗಿದಳು. ಬಿಚ್ಚುತ್ತ ಬಿಚ್ಚುತ್ತ ಕೈ ನಿಂತಿತು.

"ತಮ್ಮಾ, ನೀನು ಬರೆಯೋವಾಗ ಅಂಗಿ ಎಲ್ಲಿ ಸವೆಯುತ್ತೆ?"

ನಾನು ನನ್ನ ತೋಳು ನೋಡಿಕೊಂಡೆ. ಏಳು ವರ್ಷದ ಗುಮಾಸ್ತಗಿರಿಯ ಗುರುತು ಬಲಗೈಯಲ್ಲಿ, ಕಿರುಬೆರಳಿನ ಕಡೆ, ಮೇಜಿಗೆ ಉಜ್ಜುವ ಜಾಗದಲ್ಲಿ ಇತ್ತು. ತೋರಿಸಿದೆ.

ಅವಳು ಪಿಟೀಲಿನ ಅಂಗಿ ಎತ್ತಿ ಹಿಡಿದಳು. ಬಲತೋಳಿನ ಪಟ್ಟಿ ಹೆಚ್ಚುಕಡಿಮೆ ಹೊಸದರ ಹಾಗೇ ಇತ್ತು. ಸವೆದದ್ದು ಎಡತೋಳಿನದು. ಅದೂ ಹೆಬ್ಬೆರಳಿನ ಕಡೆ. ನೂಲು ನೂಲಾಗಿ, ಒಳಗಿನ ಗಟ್ಟಿ ಬಟ್ಟೆ ಕಾಣುವಷ್ಟು. ಎಡಗೈಯಿಂದ ಬರೆಯುವವಳಲ್ಲ ಅವಳು. ಅಕ್ಕ ಎದ್ದು ಚಿಂದಿ ಚೀಲವನ್ನು ನೆಲಕ್ಕೆ ಸುರಿದಳು. ಬೂದು ಪಟ್ಟಿಗಳನ್ನು ಹೆಕ್ಕಿ ಹೆಕ್ಕಿ ಜೋಡಿ ಮಾಡಿದಳು. ಪಟ್ಟಿಯ ಒಳಗೆ ಮಕ್ಕಳ ನಂಬರು ಬರೆದಿರುತ್ತದೆ. ವಿಶೇಷ ತಂಡದವು ಬೇರೆ, ಉಳಿದವು ಬೇರೆ ಇಟ್ಟಳು. ಉಳಿದವು ಎಲ್ಲೆಂದರಲ್ಲಿ ಸವೆದಿದ್ದವು, ಮಸಿ ಕಲೆ, ಸುಟ್ಟ ಕಲೆ, ಮಣ್ಣು. ತಂಡದವು ಎಲ್ಲವೂ ಒಂದೇ ಥರ. ಎಡತೋಳು, ಹೆಬ್ಬೆರಳಿನ ಕಡೆ. ಬಲಗೈ ಬರೆಯುವಾಗ ಎಡಗೈಯ ಹೆಬ್ಬೆರಳು ಮೇಜಿನ ಕೆಳಗೆ ತನ್ನದೇ ತೋಳಿನ ಅಂಚನ್ನು ಹೊಸೆಯುತ್ತದೆ. ವರ್ಷಗಟ್ಟಲೆ ಹೊಸೆಯುತ್ತದೆ.

"ಬರೆದು ಸವೆದದ್ದು ಅಂದ್ಕೊಂಡಿದ್ದೆ," ಎಂದಳು ಅಕ್ಕ. "ಹದಿನೈದು ವರ್ಷದಿಂದ ತೋಳು ಹೊಲೀತೀನಿ. ಯಾವ ಕೈ ಅಂತ ಒಂದು ಸಲವೂ ನೋಡಲಿಲ್ಲ."

ತಾತ ಸೂಜಿ ಪಕ್ಕಕ್ಕಿಟ್ಟು, ಬಗ್ಗಿ ಒಂದು ಎಡ ಪಟ್ಟಿಯನ್ನು ಎತ್ತಿ ನೋಡಿದರು.

ಸಂಜೆ ಅವಳು ಮಗಳನ್ನು ಪಕ್ಕ ಕೂರಿಸಿಕೊಂಡು ಕೇಳಿದಳು. ಬೈಯಲಿಲ್ಲ. ಪಿಟೀಲು ಅಳಲೂ ಇಲ್ಲ. "ಎಲ್ಲರೂ ಹಾಗೇ ಮಾಡ್ತೀವಿ ಅಮ್ಮ. ಉತ್ತರ ತಪ್ಪಾದ್ರೆ ಹೆಸರು ಬೋರ್ಡಿಗೆ ಹಾಕ್ತಾರೆ. ಅದಕ್ಕೆ ಗೊತ್ತಿದ್ರೂ ಯಾರೂ ಕೈ ಎತ್ತಲ್ಲ. ಕೈ ಎಲ್ಲೋ ಇಡ್ಬೇಕಲ್ಲ." ಆಮೇಲೆ ತೋಳನ್ನು ಬೆರಳಿನವರೆಗೆ ಎಳೆದುಕೊಂಡು, "ನಾನು ಮೂಲೆ ಸ್ಕೂಲಿಗೆ ಹೋಗ್ಬಹುದಾ?" ಎಂದಳು.

ಹೋಗಬಹುದೇ ಎಂದು ಹುಡುಕುವುದು ನನ್ನ ಕೆಲಸವಾಯಿತು. ಹನ್ನೊಂದನೇ ಷರತ್ತು ಈಗ ಬಾಯಿ ತೆರೆಯಿತು. ಒಂಬತ್ತನೇ ತರಗತಿಯಿಂದ ಬಿಟ್ಟರೆ ಕೈಗೆ ಬರುವುದು ಆರನೇ ತರಗತಿಯ ಪತ್ರ. ಕಚೇರಿಯಲ್ಲಿ ನನ್ನ ಮೇಲಿನವರಿಗೆ ಕಡತ ತೋರಿಸಿದೆ. ಅವರು ಓದಿ, "ತಂದೆತಾಯಿ ಸಹಿ ಇದೆಯಲ್ಲ. ಅರ್ಜಿ ತುಂಬಿದವನು ಯಾವನೋ ಬುದ್ಧಿ ಇಲ್ಲದೋನು," ಎಂದು ವಾಪಸು ಕೊಟ್ಟರು. ನಾನು ಕಡತ ತೆಗೆದುಕೊಂಡು ನನ್ನ ಕುರ್ಚಿಗೆ ಬಂದೆ.

ಅಕ್ಕನೂ ನಾನೂ ಬೇರೆ ಬಾಗಿಲುಗಳನ್ನೂ ತಟ್ಟಿದೆವು. ಪಕ್ಕದ ಊರಿನ ಶಾಲೆಯವರು ಒಂಬತ್ತನೇ ತರಗತಿಗೆ ವಯಸ್ಸು ಸಾಲದು ಎಂದರು. ಪ್ರತಿಭಾವಂತರ ವಸತಿ ಶಾಲೆಯವರು ಮಗುವಿಗೆ ಮರದ ತುಂಡುಗಳನ್ನು ಕೊಟ್ಟು ಗೋಪುರ ಕಟ್ಟಿಸಿ, ತುಂಬ ಮೆಚ್ಚಿ, ಆರು ವರ್ಷಕ್ಕೆ ಸಹಿ ಕೇಳಿದರು. ಅಕ್ಕ ಪೆನ್ನನ್ನು ಮುಟ್ಟಲಿಲ್ಲ. ಹೊರಗೆ ಬಂದು, "ಒಂದು ಚೀಲದಿಂದ ತೆಗೆದು ಇನ್ನೊಂದು ಚೀಲಕ್ಕೆ ಹಾಕೋದು," ಎಂದಳು.

ಕೊನೆಗೆ ಗುಡ್ಡದ ಶಾಲೆಯ ಮೇಡಂ ಹತ್ತಿರವೇ ಹೋದೆವು. ಅವರು ಎದ್ದು ನಿಂತು ನಮಗೆ ಕುರ್ಚಿ ತೋರಿಸಿದರು. ಕೆಟ್ಟವರಲ್ಲ. ಹಿಂದಿನ ಕಪಾಟಿನಲ್ಲಿದ್ದ ಬಹುಮಾನದ ಕಪ್ಪುಗಳಲ್ಲಿ ನಾಲ್ಕು ನಮ್ಮ ಪಿಟೀಲು ಗೆದ್ದಂಥವು.

"ಯಾರೂ ತಡೆಯೋದಿಲ್ಲಮ್ಮ. ಮಗು ನಿಮ್ಮದು. ಆದ್ರೆ ಯೋಚನೆ ಮಾಡಿ. ಮುಂದಿನ ವರ್ಷ ಹನ್ನೆರಡಕ್ಕೆ ಹತ್ತನೇ ತರಗತಿ ಬರೀತಾಳೆ. ಈಗ ಬಿಡಿಸಿದ್ರೆ ನಾಲ್ಕು ವರ್ಷದ ಓದಿಗೆ ಕಾಗದದ ಮೇಲೆ ಬೆಲೆಯೇ ಇರಲ್ಲ. ಮಕ್ಕಳು ಈ ವಯಸ್ಸಲ್ಲಿ ಸ್ವಲ್ಪ ಮೌನ ಆಗ್ತಾರೆ. ಅದು ಬುದ್ಧಿ ಬೆಳೆಯೋ ಲಕ್ಷಣ." ನಾವು ಎದ್ದಾಗ ಅವರು ಅದೇ ದನಿಯಲ್ಲಿ, "ಅಂದಹಾಗೆ, ಹೊಸ ವರ್ಷದ ಬಟ್ಟೆಗೆ ಅಳತೆ ತೊಗೊಳ್ಳೋಕೆ ಯಾವತ್ತು ಬರ್ತೀರಿ?" ಎಂದರು.

ಅಕ್ಕ ದಿನ ಹೇಳಿಬಂದಳು.

ಆಮೇಲಿನ ಆರು ವಾರ ಅಂಗಡಿಯಲ್ಲಿ ಉಸಿರುಗಟ್ಟಿದ ಹಾಗಿತ್ತು. ಅವಳು ಹೊಲಿಯುವುದು ಅದೇ ಬೂದು ಅಂಗಿ, ಬದಲಾಯಿಸುವುದು ಅದೇ ಪಟ್ಟಿ, ಕಳಿಸುವುದು ಅದೇ ಗುಡ್ಡಕ್ಕೆ. ಬಿಡಿಸಿದರೆ ಮಗಳು ಮೂರು ತರಗತಿ ಕೆಳಗೆ, ಅಂಗಡಿಯ ಕೆಲಸ ಹೋಗುತ್ತದೆ, ಇಬ್ಬರು ಹೆಂಗಸರ ಕೆಲಸವೂ ಹೋಗುತ್ತದೆ. ಇದ್ದರೆ ಇನ್ನೂ ಒಂದೂವರೆ ವರ್ಷ. "ಒಂದೂವರೆ ವರ್ಷ ಅಷ್ಟೇ ಅಲ್ವಾ?" ಎಂದು ಬೆಳಗ್ಗೆ ಕೇಳುವಳು. "ಒಂದೂವರೆ ವರ್ಷ ಅಂದ್ರೆ ಎಷ್ಟು ದಿನ ಗೊತ್ತಾ?" ಎಂದು ಸಂಜೆ ಕೇಳುವಳು. ಭಾವ ಒಂದು ದಿನ, "ತಪ್ಪು ದಾರಿಗೆ ಬಸ್ಸು ತಿರುಗಿಸಿದ್ರೆ ಹಿಂದಕ್ಕೆ ತೊಗೊಳ್ಳೋಕೆ ನಾಚಿಕೆ ಆಗುತ್ತೆ, ಎಲ್ಲರೂ ನೋಡ್ತಿರ್ತಾರೆ. ಆದ್ರೂ ತೊಗೋಬೇಕು," ಎಂದ. ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಮತ್ತೆ ಕೇಳಿಲ್ಲ.

ಅಳತೆಯ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಅಕ್ಕ ಅಳೆದು ಹೇಳುತ್ತಾಳೆ, ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಪ್ರತಿವರ್ಷದ ವಾಡಿಕೆ. ಸಭಾಂಗಣದಲ್ಲಿ ಮಕ್ಕಳು ಸಾಲಾಗಿ ಬಂದರು. ಸಣ್ಣ ತರಗತಿಯವು ಟೇಪು ತಾಗಿದರೆ ಕಚಗುಳಿಯಾಗಿ ಕಿಸಕಿಸ ನಕ್ಕವು. ಕೊನೆಗೆ ವಿಶೇಷ ತಂಡ. ಹನ್ನೆರಡು ಮಕ್ಕಳು, ಸದ್ದಿಲ್ಲದೆ ನಿಂತರು. ಅಕ್ಕ "ಕೈ ಚಾಚು" ಎಂದಾಗ ಚಾಚಿದರು. ಚಾಚಿದ ಎಡಗೈಗಳಲ್ಲಿ ಹೆಬ್ಬೆರಳು ತನ್ನ ಪಾಡಿಗೆ ತೋಳಿನ ಅಂಚಿನ ಮೇಲೆ ಆಡುತ್ತಿತ್ತು.

ಎದೆಯ ಅಳತೆ ತೆಗೆಯುವಾಗ ಮಕ್ಕಳು ಉಸಿರು ಬಿಗಿಹಿಡಿಯುತ್ತಾರೆ. ಹಾಗಾದರೆ ಅಂಗಿ ಬಿಗಿಯಾಗುತ್ತದೆ. ಅದಕ್ಕೆ ಅಕ್ಕ ಪ್ರತಿಯೊಬ್ಬರಿಗೂ, "ಉಸಿರು ಬಿಡು ಪುಟ್ಟ," ಎನ್ನುವಳು. ಹನ್ನೊಂದು ಸಲ ಎಂದಳು. ಹನ್ನೆರಡನೆಯದು ಪಿಟೀಲು. ಅಕ್ಕ ಟೇಪು ಸುತ್ತಿದಳು.

"ಉಸಿರು ಬಿಡು ಮಗಳೇ."

"ಬಿಟ್ಟಿದ್ದೀನಿ ಅಮ್ಮ."

"ಬಿಟ್ಟಿಲ್ಲ. ಟೇಪು ಬಿಗಿ ಇದೆ. ಬಿಡು."

"ಅಮ್ಮ, ಬಿಟ್ಟೇ ಇದ್ದೀನಿ."

ಅಕ್ಕ ಅಳತೆ ಹೇಳಲೆಂದು ನಾನು ಪೆನ್ನು ಹಿಡಿದು ಕಾದೆ. ಅವಳು ಟೇಪನ್ನು ನಿಧಾನಕ್ಕೆ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು. ನಂತರ ಮಗಳ ಎಡಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, "ಚೀಲ ತೊಗೊಂಡು ಬಾ, ಮನೆಗೆ ಹೋಗೋಣ," ಎಂದಳು.

"ಇನ್ನೂ ಎರಡು ಪೀರಿಯಡ್ ಇದೆ ಅಮ್ಮ."

"ಇರಲಿ."

ಮೇಡಂ ಬಾಗಿಲವರೆಗೆ ಬಂದು ಏನೋ ಹೇಳಿದರು. ಅಕ್ಕ, "ಇವತ್ತಿನ ಅಳತೆ ಪುಸ್ತಕ ನಿಮ್ಮ ಹತ್ತಿರವೇ ಇರಲಿ ಮೇಡಂ, ಮುಂದೆ ಹೊಲಿಯೋರಿಗೆ ಬೇಕಾಗುತ್ತೆ," ಎಂದು ನನ್ನ ಕೈಯಿಂದ ಪುಸ್ತಕ ತೆಗೆದು ಅವರಿಗೆ ಕೊಟ್ಟಳು. ಗುಡ್ಡ ಇಳಿಯುವಾಗ ಅವಳು ಒಂದು ಕಡೆ ಕೂತಳು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಲಿಲ್ಲ.

ಆರನೇ ತರಗತಿಯ ಪತ್ರ ಹದಿನೈದು ದಿನದಲ್ಲಿ ಬಂತು. ಪಿಟೀಲು ಮೂಲೆ ಶಾಲೆಗೆ ಸೇರಿದಳು. ಬೀದಿಯಲ್ಲಿ ಮಾತು ಎದ್ದಿತು. ಅಂಗಿ ರಿಪೇರಿಗೆ ಬಂದ ಒಬ್ಬರು ತಾತನ ಮುಂದೆ ನಿಂತು, "ನಿಮ್ಮ ಮೊಮ್ಮಗಳು ಫೇಲಂತೆ?" ಎಂದರು. ತಾತ ಕಾಜ ಹಾಕುತ್ತಿದ್ದ ಅಂಗಿಯನ್ನು ಹಾಗೇ ಮಡಿಸಿ ಅವರ ಕೈಗಿಟ್ಟು, "ಹೂಂ ಸ್ವಾಮಿ, ನಾನೂ ಫೇಲು. ನಿಮ್ಮ ಗುಂಡಿ ನೀವೇ ಹಾಕ್ಕೊಳ್ಳಿ," ಎಂದರು.

ಕಥೆಯಾಗಿದ್ದರೆ ಇಲ್ಲಿ ಮಗು ಮತ್ತೆ ಮಾತಿನ ಮಲ್ಲಿಯಾಯಿತು ಎಂದು ಬರೆಯಬಹುದಿತ್ತು. ಹಾಗಾಗಲಿಲ್ಲ. ಆರನೇ ತರಗತಿಯಲ್ಲಿ ಅವಳಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಟೀಚರು ಉಳಿದ ಮಕ್ಕಳ ನೋಟ್‌ಬುಕ್ ತಿದ್ದಲು ಅವಳಿಗೇ ಕೊಟ್ಟರು. ಹುಡುಗಿಯರು ಅವಳನ್ನು 'ಅಜ್ಜಿ' ಎಂದರು. "ಅಲ್ಲಿ ಉಸಿರು ಕಟ್ಟುತ್ತಿತ್ತು, ಇಲ್ಲಿ ಆಕಳಿಕೆ ಬರ್ತಿದೆ," ಎಂದು ಅಕ್ಕ ನನ್ನ ಹತ್ತಿರ ಹೇಳಿಕೊಂಡಳು. "ನಡುವೆ ಒಂದು ಸ್ಕೂಲು ಯಾಕಿಲ್ಲ ತಮ್ಮಾ? ನಿಮ್ಮ ಆಫೀಸಲ್ಲಿ ಕೇಳು." ನಾನು ಕೇಳಿದೆ. ಇಲ್ಲ.

ಗುಡ್ಡದ ಕೆಲಸ ಬೇರೆ ಅಂಗಡಿಗೆ ಹೋಯಿತು. ಆ ಇಬ್ಬರು ಹೆಂಗಸರೂ ಅಲ್ಲಿಗೇ ಹೋದರು. ಅಕ್ಕ ಎರಡು ಯಂತ್ರ ಮಾರಿಬಿಟ್ಟಳು. ಬಿಟ್ಟುಹೋದ ಆರು ಶಾಲೆಗಳ ಗಿರಾಕಿಗಳು ಮರಳಿ ಬರಲಿಲ್ಲ. ಮನೆ ನಡೆಯಬೇಕಾಗಿ ಅವಳು ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಗೆ ಸೇರಿಕೊಂಡಳು. ಕಿಟಕಿ ಇಲ್ಲದ ನೆಲಮಾಳಿಗೆ, ಎರಡು ಟ್ಯೂಬ್ ದೀಪ, ಹಬೆಯ ವಾಸನೆ.

ಪಿಟೀಲಿಗೆ ಈಗ ಹದಿಮೂರು, ಎಂಟನೇ ತರಗತಿ. ಮಾತಾಡುತ್ತಾಳೆ, ಮೊದಲಿನಷ್ಟಲ್ಲ. ಹೋದ ತಿಂಗಳು ನನ್ನ ಕೋಣೆಗೆ ಬಂದು ನನ್ನ ಕಚೇರಿಯ ಸುತ್ತೋಲೆಯೊಂದನ್ನು ಓದಿ, "ಮಾಮ, ಇದರ ಎರಡನೇ ವಾಕ್ಯಕ್ಕೂ ಐದನೇ ವಾಕ್ಯಕ್ಕೂ ಜಗಳ," ಎಂದಳು. ನಿಜವಾಗಿತ್ತು. ಅವಳ ಎಡಗೈ ಆಗ ಜೇಬಿನಲ್ಲಿತ್ತು. ಅಲ್ಲಿ ಏನು ಮಾಡುತ್ತಿತ್ತು ಎಂದು ನನಗೆ ಕಾಣಲಿಲ್ಲ.

ಮೊನ್ನೆ ಅಕ್ಕ ಒಂದು ಹೊಸ ಕಾಗದ ಹಿಡಿದು ಮೆಟ್ಟಿಲು ಹತ್ತಿಬಂದಳು. ಯಾವುದೋ ಸಂಸ್ಥೆಯವರು ಚುರುಕು ಮಕ್ಕಳಿಗೆ ಎರಡು ವರ್ಷದ ತರಬೇತಿ ಮಾಡುತ್ತಾರಂತೆ. ನಾನು ಅಭ್ಯಾಸಬಲದಿಂದ ಪೆನ್ನಿನ ಮುಚ್ಚಳ ತೆಗೆದೆ.

"ಪೆನ್ನು ಇಡು," ಎಂದಳು. "ಓದಿ ಹೇಳು ಸಾಕು. ಹಿಂದಿನ ಪುಟದಿಂದ ಶುರುಮಾಡು."

ಹಿಂದಿನ ಪುಟದಲ್ಲಿದ್ದ ಒಂಬತ್ತು ಷರತ್ತುಗಳನ್ನೂ ಒಂದೊಂದಾಗಿ ಓದಿದೆ. ಅವಳು ಕೇಳಿಸಿಕೊಂಡು, ಕಾಗದವನ್ನು ನಾಲ್ಕಾಗಿ ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು. ಹರಿಯಲಿಲ್ಲ, ತುಂಬಿಸಲೂ ಇಲ್ಲ. ಅಂಥವು ಆ ಚೀಲದಲ್ಲಿ ಇನ್ನೂ ನಾಲ್ಕು ಇವೆ.

ಅಕ್ಕ ಈಗ ಬೆಳಗ್ಗೆ ಎಂಟರಿಂದ ನಾಲ್ಕರವರೆಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆ ಹೊದಿಕೆಗಳ ಅಂಚು ಹೊಲಿಯುತ್ತಾಳೆ. ಯೂನಿಫಾರಂ ಹೊಲಿಯುವುದಿಲ್ಲ.